ಆಮೆನಕ್ಕನ ಸಾಕ್ಷಿ

"ಬೋಲ್ಟು ಹೋಯ್ತು ಬೋಲ್ಟು ಹೋಯ್ತು ಅಂತ ಬಡ್ಕೊಳ್ಳೋಕೆ ಈ ಹಂಡೆ ಏನ್ ನಿಮ್ಮಪ್ಪಂದೇನೇ ಮುಂಡೇದೆ? ತಂತಿ ಬಿಗಿದು ಬೆಂಕಿ ಹಚ್ಚು!"

ಮೇಸ್ತ್ರಿ ಹೀಗೆ ಅರಚಿದ್ದು ಆಮೆನಕ್ಕನ ನಾದಿನಿಯ ಮೇಲೆ. ಆಸ್ಪತ್ರೆಯ ಕೀವು, ರಕ್ತ ಮೆತ್ತಿದ ಹಾಸಿಗೆ ಬಟ್ಟೆಗಳನ್ನು ಬೇಯಿಸಿ ಒಗೆಯುವ ಕಾರ್ಖಾನೆ ಅದು. ಆಳೆತ್ತರದ ಕಬ್ಬಿಣದ ಹಂಡೆಯ ಮುಚ್ಚಳಕ್ಕೆ ಇರಬೇಕಾದ ಬೋಲ್ಟು ಸವೆದು ಬಿದ್ದು ಬಹಳ ಕಾಲವಾಗಿತ್ತು. ಅತ್ತಿಗೆ ನಾದಿನಿ ಇಬ್ಬರೂ ಅದೇ ಹಂಡೆಗೆ ಬಟ್ಟೆ ಸೋಡಾ ಸುರಿದು, ಅದೇ ಆವಿ ಕುಡಿದು ದುಡಿಯುತ್ತಿದ್ದವರು.

"ತಂತಿ ನಿನ್ನ ಕುತ್ತಿಗೆಗೆ ಬಿಗ್ಕೋ ಹೋಗೋ ಹಲ್ಕಾ," ಎಂದಳು ನಾದಿನಿ. ಮುಖಕ್ಕೆ ಹೊಡೆದ ಹಾಗೆ ಮಾತಾಡುವುದು ಅವಳ ಹುಟ್ಟುಗುಣ.

"ಸುಮ್ನಿರೇ ತಾಯಿ. ನಾನೇ ಬಿಗಿತೀನಿ," ಎಂದು ಆಮೆನಕ್ಕ ತಂತಿ ತಂದಳು. ಯಾರು ಏನೆಂದರೂ ತಲೆಯಾಡಿಸುತ್ತಾಳೆ, ದೇವರ ಮಂದಿರದಲ್ಲಿ ಪ್ರಾರ್ಥನೆ ಮುಗಿಯುತ್ತಲೇ ಎಲ್ಲರಿಗಿಂತ ಮೊದಲು ಆಮೆನ್ ಅನ್ನುತ್ತಾಳೆ ಎಂದು ಹೆಂಗಸರು ನಗಾಡಿಕೊಂಡು ಇಟ್ಟ ಹೆಸರು ಅದು.

ಊಟದ ಹೊತ್ತಿಗೆ ಮುಂಚೆ ಮುಚ್ಚಳ ಸಿಡಿಯಿತು. ಪಕ್ಕದಲ್ಲಿ ನಿಂತಿದ್ದ ನಾದಿನಿಯ ಬಲಗೈ ಹೆಗಲಿನ ತನಕ ಬೆಂದುಹೋಯಿತು. ಆಮೆನಕ್ಕ ತೋಳು ಹಿಡಿದು ಎಳೆದಾಗ ಚರ್ಮ ಅವಳ ಅಂಗೈಗೆ ಅಂಟಿಕೊಂಡು ಬಂತು.

ವಿಚಾರಣೆಗೆ ಸರ್ಕಾರದ ಆಫೀಸರ್ ಬಂದ ದಿನ ಮಾಲೀಕನ ಕೋಣೆಯ ಹೊರಗೆ ಪಾದ್ರಿಯೂ ಇದ್ದರು. ಆಮೆನಕ್ಕನನ್ನು ಗೋಡೆಯ ಕಡೆಗೆ ಕರೆದು ಮೆಲ್ಲಗೆ ಹೇಳಿದರು: "ಯೇಸುಸ್ವಾಮೀನ ವಿಚಾರಣೆಗೆ ನಿಲ್ಲಿಸಿದಾಗ ಅವರು ಬಾಯಿ ಬಿಟ್ರಾ? ಇಲ್ಲ. ಅವರ ಹಿಂದೆ ನಡಿಯೋರು ಯಾರ ಮೇಲೂ ದೂರು ಹೇಳಲ್ಲಮ್ಮ. ಮಾಲೀಕರು ನಮ್ಮ ಮಂದಿರಕ್ಕೆ ಛಾವಣಿ ಹಾಕಿಸಿಕೊಟ್ಟೋರು."

ಒಳಗೆ ಫ್ಯಾನು ತಿರುಗುತ್ತಿತ್ತು. ಆಫೀಸರ್ ತಲೆಯೆತ್ತದೆ ಕೇಳಿದ, "ಮುಚ್ಚಳ ಹೆಂಗೆ ಸಿಡೀತು? ನೀನು ಅಲ್ಲೇ ಇದ್ಯಂತಲ್ಲ."

ಮಾಲೀಕ ನಗುತ್ತಾ ಹೇಳಿದ, "ಇವಳು ಪ್ರಾಣ ಹೋದ್ರೂ ಸುಳ್ಳು ಹೇಳಲ್ಲ ಸಾರ್. ದೇವರ ಮಗಳು."

"ನಾನು ಆ ಕಡೆ ತಿರುಗಿದ್ದೆ," ಎಂದಳು ಆಮೆನಕ್ಕ. "ನೋಡ್ಲಿಲ್ಲ."

ಬೆಂಚಿನ ಮೇಲೆ ಕೈಗೆ ಬಟ್ಟೆ ಸುತ್ತಿಕೊಂಡು ಕೂತಿದ್ದ ನಾದಿನಿ ಒಮ್ಮೆ ಅತ್ತಿಗೆಯ ಮುಖ ನೋಡಿದಳು. ಆಮೇಲೆ ಯಾವ ಪ್ರಶ್ನೆಗೂ ಉತ್ತರ ಕೊಡಲಿಲ್ಲ. ಕುಡಿದು ಬಂದು ಮುಚ್ಚಳ ತೆಗೆದಳು ಎಂದು ಮೇಸ್ತ್ರಿ ಹೇಳಿದ್ದೇ ನಿಂತಿತು. ಅವಳ ಕೆಲಸ ಹೋಯಿತು.

ಇಬ್ಬರದೂ ಒಂದೇ ಮನೆ. ಆಮೆನಕ್ಕ ಬೆಳಿಗ್ಗೆ ನಾದಿನಿಯ ತಲೆ ಬಾಚಬೇಕು, ಗಾಯ ತೊಳೆಯಬೇಕು, ತುತ್ತು ಮಾಡಿ ಬಾಯಿಗಿಡಬೇಕು. ಅವಳು ಬೈದಿದ್ದರೆ ಜೀವಕ್ಕೆ ಎಷ್ಟೋ ಸಮಾಧಾನವಾಗುತ್ತಿತ್ತು. ಅವಳು ಬೈಯಲಿಲ್ಲ. ಬಾಯಿ ತೆರೆದು ಅನ್ನ ಇಸಿದುಕೊಂಡು ಗೋಡೆ ನೋಡುತ್ತಾ ಅಗಿಯುತ್ತಿದ್ದಳು. ಆಮೆನಕ್ಕ ಪ್ರಾರ್ಥನೆಗೆ ಕಣ್ಣು ಮುಚ್ಚಿದರೆ ಸಾಕು, ಕಿವಿಯಲ್ಲಿ ತನ್ನದೇ ದನಿ: ನೋಡ್ಲಿಲ್ಲ, ನೋಡ್ಲಿಲ್ಲ.

ಭಾನುವಾರ ಮಂದಿರದಲ್ಲಿ ಪಾದ್ರಿ ಅವಳನ್ನು ಮುಂದಕ್ಕೆ ಕರೆದರು. "ಯೇಸುವಿನ ಹಿಂದೆ ಹೋಗೋದೊಂದೇ ದೇವರ ಹತ್ತಿರ ಹೋಗೋ ದಾರಿ. ಕಷ್ಟದಲ್ಲೂ ಆ ದಾರಿ ಬಿಡದ ನಮ್ಮ ಸಹೋದರಿ ಈಗ ಸಾಕ್ಷಿ ಹೇಳ್ತಾಳೆ."

ಮೊದಲ ಸಾಲಿನಲ್ಲಿ ಮಾಲೀಕ ಹೆಂಡತಿಯ ಜೊತೆ ಕೂತಿದ್ದ. ಹಂಡೆಯ ಹೆಂಗಸರು ಎಂದಿನಂತೆ ಬಾಗಿಲ ಬಳಿ ನೆಲದ ಮೇಲೆ.

"ನಾನು ನೋಡಿದ್ದೆ," ಎಂದಳು. "ಬೋಲ್ಟು ಇರ್ಲಿಲ್ಲ. ತಂತಿ ಬಿಗಿದೋಳೇ ನಾನು. ಅವಳು ಒಂದು ತೊಟ್ಟೂ ಕುಡಿದಿರ್ಲಿಲ್ಲ."

ಪಾದ್ರಿ ಕೈಯೆತ್ತಿ ಸನ್ನೆ ಮಾಡಿದರು. ಹಾರ್ಮೋನಿಯಂ ಶುರುವಾಯಿತು, ಮುಂದಿನ ಸಾಲಿನವರು ಎದ್ದು ನಿಂತು ಹಾಡತೊಡಗಿದರು. ಆಮೆನಕ್ಕ ಹಾಡಿನ ನಡುವೆಯೇ ಕೂಗಿದಳು: "ಯೇಸು ಬಾಯಿ ಬಿಡದೆ ನಿಂತಿದ್ದು ತನ್ನ ಪ್ರಾಣ ಹೋಗೋವಾಗ ಅಯ್ಯಾ! ಇನ್ನೊಬ್ಬಳ ಕೈ ಸುಟ್ಟಾಗ ಅಲ್ಲ!" ಅಷ್ಟು ಜನರ ದನಿಯಲ್ಲಿ ಅವಳ ದನಿ ಯಾರಿಗೆ ಕೇಳಿಸಿತೋ, ಯಾರಿಗೆ ಇಲ್ಲವೋ.

ಮನೆಗೆ ಓಡಿ ಬಂದು ಏದುಸಿರು ಬಿಡುತ್ತಾ ನಾದಿನಿಗೆ ಹೇಳಿದಳು, "ಹೇಳಿಬಿಟ್ಟೆ ಕಣೇ. ಎಲ್ಲರ ಮುಂದೆ ಹೇಳಿಬಿಟ್ಟೆ."

ನಾದಿನಿ ಗೋಡೆಯಿಂದ ಮುಖ ತಿರುಗಿಸಿದಳು. "ಆಫೀಸರ್ ಕೇಳ್ದಾಗ ಹೇಳ್ಬೇಕಿತ್ತು ಅತ್ಗೆ. ಈಗ ಹೇಳಿ ನಿನ್ನ ಎದೆ ಹಗುರ ಮಾಡ್ಕೊಂಡು ಬಂದೆ. ನನ್ನ ಕೈ?" ಮತ್ತೆ ಗೋಡೆಗೆ ತಿರುಗುತ್ತಾ ಕೇಳಿದಳು, "ನಾಳೆ ಆ ಹಂಡೆ ಹತ್ರ ಯಾರ್ನ ನಿಲ್ಲಿಸ್ತಾರೆ, ಗೊತ್ತಾ?"

ಆಮೆನಕ್ಕನ ಎದೆ ಹಗುರವಾಗಿರಲಿಲ್ಲ.

ಮರುದಿನ ಹಂಡೆಯ ಮುಂದೆ ಹೊಸದಾಗಿ ಬಂದ ಬಸುರಿ ಹೆಂಗಸು ಸೋಡಾ ಚೀಲ ಹಿಡಿದು ನಿಂತಿದ್ದಳು. ಮುಚ್ಚಳಕ್ಕೆ ಹೊಸ ತಂತಿ ಬಿಗಿದಿತ್ತು. ಆಮೆನಕ್ಕ ಅವಳನ್ನು ಪಕ್ಕಕ್ಕೆ ಸರಿಸಿ, ಇನ್ನೂ ಹಚ್ಚದ ಬೆಂಕಿಗೂಡಿನ ಬಾಯಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತುಬಿಟ್ಟಳು.

"ಏಳೇ ಲೌಡಿ!" ಎಂದ ಮೇಸ್ತ್ರಿ.

"ಬೋಲ್ಟು ಹಾಕ್ಸು, ಏಳ್ತೀನಿ. ಆ ಆಫೀಸರ್‌ನೂ ಕರ್ಸು. ನಾನು ಸುಳ್ಳು ಹೇಳಿದೀನಿ, ನನ್ನೂ ಒಳಗೆ ಹಾಕ್ಲಿ."

ಮೇಸ್ತ್ರಿ ಜುಟ್ಟು ಹಿಡಿದು ಎಳೆದ. ಅವಳು ಹಂಡೆಯ ಕಬ್ಬಿಣದ ಕಾಲನ್ನು ಎರಡೂ ತೋಳಿನಿಂದ ಬಾಚಿಕೊಂಡಳು. ಮಾಲೀಕ ಬಂದ, ಹಿಂದೆಯೇ ಪಾದ್ರಿಯೂ ಬಂದರು.

"ಯೇಸುವಿನ ಹೆಸರಲ್ಲಿ ಹೇಳ್ತಿದೀನಿ, ಏಳಮ್ಮ," ಎಂದರು ಪಾದ್ರಿ.

"ಆ ಹೆಸ್ರಲ್ಲೇ ಕೂತಿದೀನಿ ಅಯ್ಯಾ."

ಮಾಲೀಕ ಮೇಸ್ತ್ರಿಯ ಕಡೆ ನೋಡಿದ. ಮೇಸ್ತ್ರಿ ಒಂದು ಕಾಲಿನಿಂದ ಅವಳ ಬೆರಳುಗಳನ್ನು ಒತ್ತಿ ತುಳಿಯತೊಡಗಿದ. ಒಗೆಯುವ ಕಲ್ಲುಗಳ ಬಳಿ ಹೆಂಗಸರ ಕೈ ನಿಂತಿತ್ತು. ಯಾರೂ ಮುಂದೆ ಬರಲಿಲ್ಲ, ಯಾರೂ ಬಟ್ಟೆಯನ್ನೂ ಎತ್ತಲಿಲ್ಲ. ಬಸುರಿ ಮಾತ್ರ ಸೋಡಾ ಚೀಲವನ್ನು ನಿಧಾನವಾಗಿ ನೆಲಕ್ಕಿಳಿಸಿದಳು.