ಹುಲ್ಲಿಗೆ ಹೊದಿಕೆ

"ಬಾಯಿ ಮುಚ್ಕೊಂಡು ಕೂತ್ಕೋ ಅಂತ ಎಷ್ಟು ಸಲ ಬಡ್ಕೊಳ್ಳೋದು? ನಿನ್ನ ಭವಿಷ್ಯ ಯಾರಪ್ಪಾ ಕೇಳಿದ್ದು?"

"ನಾನೇನಂದೆ ಭಾವ? ಈ ಸೆಟ್ ಅಜ್ಜಂದೇ ಅಂದೆ, ಅಷ್ಟೆ."

"ಅಂದೆಯಲ್ಲ, ಹೋಯ್ತಲ್ಲ! ತೃಪ್ತಿ ಆಯ್ತಾ? ಏಳು, ಹೊರಗೆ ನಡಿ!"

ಬೈಸಿಕೊಂಡವನು ನನ್ನ ಹೆಂಡತಿಯ ತಮ್ಮ. ನಮ್ಮ ದರ್ಜಿ ಅಂಗಡಿಯಲ್ಲಿ ಕತ್ತರಿಸುವವನು ಅವನು, ಹೊಲಿಯುವವನು ನಾನು, ಗುಂಡಿ ಹಚ್ಚುವವಳು ಅವಳು. ಕೋಟು ಕತ್ತರಿಸುವುದು ನನ್ನ ಕೈಯಲ್ಲಾಗದ ಕೆಲಸ. ಒಮ್ಮೆ ಹಟಕ್ಕೆ ಬಿದ್ದು ಕತ್ತರಿಸಿದೆ. ಗಿರಾಕಿಯ ಒಂದು ಭುಜ ಗುಡ್ಡ ಹತ್ತಿತು, ಇನ್ನೊಂದು ಹಳ್ಳಕ್ಕಿಳಿಯಿತು. ಎದುರು ಸಾಲಿನ ಸೂಟಿನ ಅಂಗಡಿಯವನು ಭಾವಮೈದನನ್ನು ಎಷ್ಟೋ ಸಲ ಕರೆದಿದ್ದ. "ಅಕ್ಕನ ಅಂಗಡಿ ಬಿಟ್ಟು ಬರಲ್ಲ" ಅಂದಿದ್ದನಂತೆ. ಮನುಷ್ಯ ಒಳ್ಳೆಯವನೇ. ಬಾಯಿ ಮಾತ್ರ ಸರಿಯಿಲ್ಲ.

ಅಂದರೆ ಹೊಲಸು ಬಾಯಿ ಅಂತಲ್ಲ. ಯಾರು ಗೆಲ್ಲುತ್ತಾರೆ ಅಂತ ಇವನು ಅನ್ನುತ್ತಾನೋ ಅವರೇ ಸೋಲುತ್ತಾರೆ. ಹುಲ್ಲಿನ ಮೇಲೆ ಆಡುವ ಈ ಟೆನಿಸ್ಸನ್ನು ನಾವು ವರ್ಷಾವರ್ಷ ಮಿಷನ್ನಿನ ಪಕ್ಕದ ಟೀವಿಯಲ್ಲಿ ನೋಡುವವರು. ತಲೆ ನರೆತ ಆಟಗಾರನೊಬ್ಬನಿಗೆ ಅಜ್ಜ ಅಂತ ಹೆಸರಿಟ್ಟಿದ್ದೆವು. ಗೆದ್ದವರಿಗೆ ಕೊಡುವ ಕಪ್ಪನ್ನು ಒಮ್ಮೆಯೂ ಎತ್ತದೆಯೇ ವಯಸ್ಸಾದವನು; ಇದೇ ಕೊನೆಯ ವರ್ಷ ಅಂತ ಅವನೇ ಹೇಳಿಬಿಟ್ಟಿದ್ದ. ಹಿಂದಿನ ಸುತ್ತೊಂದರಲ್ಲಿ ಅಜ್ಜ ಮುಳುಗುತ್ತಿದ್ದಾಗ ಭಾವಮೈದ ನೂಲು ತರಲು ಹೋದ. ಅಜ್ಜ ಎದ್ದು ನಿಂತ. ಕ್ವಾರ್ಟರ್ ಫೈನಲ್‌ನಲ್ಲಿ ನಾನೇ ಅವನನ್ನು ಹೊರಗೆ ನಿಲ್ಲಿಸಿದೆ. ಅಜ್ಜ ಮತ್ತೆ ಗೆದ್ದ. ಇನ್ನೇನು ಸಾಕ್ಷಿ ಬೇಕು?

ಇವತ್ತು ಸೆಮಿಫೈನಲ್. ಎದುರಾಳಿ ಏಣಿಯಂಥ ಉದ್ದದ ಪೋರ. ಪೇಪರಿನ ಪಂಡಿತರೆಲ್ಲ ಏಣಿಯೇ ಗೆಲ್ಲೋದು ಅಂತ ಬರೆದಿದ್ದರು. ಅದು ಒಳ್ಳೆಯ ಶಕುನ. ನಮ್ಮವನೊಬ್ಬ ತೆಪ್ಪಗಿದ್ದರೆ ಸಾಕಿತ್ತು.

ಭಾವಮೈದ ಹೊರಗೆ ಹೋದ. ಬೀದಿಯಲ್ಲಿ ನೆರಳೆಂಬುದಿರಲಿಲ್ಲ. ಅಜ್ಜ ಎರಡನೇ ಸೆಟ್ ಗೆದ್ದ.

"ಪಾಪ, ಬಿಸಿಲು ಕಣ್ರೀ" ಅಂದಳು ಹೆಂಡತಿ.

"ಒಂದು ಕಪ್ಪಿಗೋಸ್ಕರ ಅಷ್ಟೂ ತಡ್ಕೊಳ್ಳೋಕಾಗಲ್ವಾ?"

"ಕಪ್ಪು ನಮ್ಮನೆಗೆ ಬರುತ್ತಾ?"

ಅಷ್ಟರಲ್ಲಿ ಟೀವಿಯಲ್ಲಿ ಮಳೆ ಶುರುವಾಯಿತು. ಹತ್ತಾರು ಜನ ಓಡಿ ಬಂದು ಹುಲ್ಲಿನ ಮೇಲೆ ದೊಡ್ಡ ಹೊದಿಕೆ ಎಳೆದರು, ಮಲಗಿದ ಮಗುವಿಗೆ ಹೊದಿಸುವ ಹಾಗೆ, ಮೂಲೆ ಮೂಲೆ ಸರಿಮಾಡಿ.

ಭಾವಮೈದ ಬಾಗಿಲಿಗೆ ಬಂದ. ಮುಖ ಕೆಂಡವಾಗಿತ್ತು. "ಆಟ ನಿಂತಿದೆಯಲ್ಲ ಭಾವ, ಒಳಗೆ ಬರ್ಲಾ? ತಲೆ ಸುಡ್ತಿದೆ."

"ನಿಂತಿದೆ, ಮುಗಿದಿಲ್ಲ. ಹೊಸ್ತಿಲು ದಾಟಬೇಡ."

"ಅಲ್ಲಿ ಹುಲ್ಲಿಗೂ ಹೊದಿಸ್ತಾರೆ" ಅಂದಳು ಹೆಂಡತಿ. "ಇಲ್ಲಿ ನನ್ನ ತಮ್ಮ ಬಿಸಿಲಲ್ಲಿ."

"ನೀನು ನಿನ್ನ ಸೂಜಿ ನೋಡ್ಕೋ!"

ಅವನು ಹೊಸ್ತಿಲಾಚೆಯೇ ನಿಂತು ಆ ಹೊದಿಕೆಯನ್ನು ಸ್ವಲ್ಪ ಹೊತ್ತು ನೋಡಿದ. ಆಮೇಲೆ, "ಅಕ್ಕಾ, ನನ್ನ ಕತ್ತರಿ ಕೊಡು" ಅಂದ. ಅವಳು ನನ್ನ ಮುಖ ಕೂಡ ನೋಡದೆ ಕೊಟ್ಟಳು.

"ಭಾವ, ಹೋಗೋ ಮುಂಚೆ ಒಂದು ಮಾತು. ಇವತ್ತು ಅಜ್ಜನೇ ಗೆಲ್ಲೋದು. ಫೈನಲ್ಲೂ ಅವನೇ."

ನಾನು ಬಾಗಿಲಿಗೆ ಓಡಿ, "ಏಯ್! ಆ ಮಾತು ವಾಪಸ್ ತಗೊಂಡು ಹೋಗೋ!" ಅಂತ ಕೂಗಿದೆ. ಅವನು ರಸ್ತೆ ದಾಟಿ ಸೂಟಿನ ಅಂಗಡಿಯ ಮೆಟ್ಟಿಲು ಹತ್ತಿದ್ದ.

"ಮಾತನ್ನ ವಾಪಸ್ ಕರೀತೀರಿ" ಅಂದಳು ಹೆಂಡತಿ, "ಅವನನ್ನಲ್ಲ."

ಮಳೆ ನಿಂತಿತು. ಅಜ್ಜ ಗೆದ್ದ.

"ನೋಡಿದ್ಯಾ? ಅವನು ಹೋದ, ಅಜ್ಜ ಗೆದ್ದ!"

"ಗೆಲ್ತಾನೆ ಅಂತ ಹೇಳಿಯೇ ಹೋಗಿದ್ದು."

ಎರಡು ದಿನ ಬಿಟ್ಟು ಫೈನಲ್ಲೂ ಅಜ್ಜನದೇ ಆಯಿತು. ಅವನು ಕಪ್ಪು ಎತ್ತಿಕೊಂಡು ಅಳುತ್ತಿದ್ದಾಗ ನಾನು ಹೊಸ್ತಿಲಿಗೆ ಬಂದು ಕೂಗಿದೆ: "ಗೆದ್ದ ಕಣೋ! ನಿನ್ನ ಮಾತು ನಿಜ ಆಯ್ತು! ಒಳಗೆ ಬಾರೋ!"

ಎದುರಿನ ಗಾಜಿನ ಹಿಂದೆ ಅವನು ಕಿವಿಗೆ ಸೀಮೆಸುಣ್ಣ ಸಿಕ್ಕಿಸಿಕೊಂಡು ಯಾರದೋ ಕೋಟು ಕತ್ತರಿಸುತ್ತಿದ್ದ. ತಲೆ ಎತ್ತಲಿಲ್ಲ. ನಮ್ಮ ಮೇಜಿನ ಮೇಲೆ ಅವನು ಗೆರೆ ಎಳೆದಿಟ್ಟು ಹೋದ ಕೋಟಿನ ಬಟ್ಟೆ ಹಾಗೆಯೇ ಹರಡಿಕೊಂಡಿದೆ. ಧೂಳು ಕೂರದಿರಲಿ ಅಂತ ಹೆಂಡತಿ ಅದಕ್ಕೊಂದು ಹೊದಿಕೆ ಹೊದಿಸಿದ್ದಾಳೆ.