ಎತ್ತಿದ ಕೈ

ಅಂಗಡಿಯಣ್ಣ ಮೂವತ್ತು ವರ್ಷ ಹಗ್ಗ, ಮೊಳೆ, ಬಿತ್ತನೆ ಬೀಜ ಮಾರಿದವನು. ತೂಕದಲ್ಲಿ ಮೋಸವಿಲ್ಲ, ಮಾತಿನಲ್ಲಿ ವರಸೆಯಿಲ್ಲ. ಆ ಹೆಸರೇ ಅವನನ್ನು ಚುನಾವಣೆಯಲ್ಲಿ ಗೆಲ್ಲಿಸಿತು. ಅವನ ಪರವಾಗಿ ಮನೆಮನೆ ತಿರುಗಿದವಳು ಸಂತೆ ಮೈದಾನದಲ್ಲಿ ದಿನವೂ ಸೊಪ್ಪು ಮಾರುವ ಅಕ್ಕ. ಒಡಹುಟ್ಟಿದವಳಲ್ಲ, ಆದರೆ ಅದಕ್ಕಿಂತ ಹೆಚ್ಚು. ಬಾಯಿ ಜೋರು, ಮನಸ್ಸು ಬೆಣ್ಣೆ. "ನಮ್ಮ ತಮ್ಮ ಕಣ್ರೋ, ಕಣ್ಮುಚ್ಕೊಂಡು ವೋಟು ಹಾಕಿ" ಎಂದು ಗಂಟಲು ಹರಿದುಕೊಂಡಿದ್ದಳು.

ಶಾಸನಸಭೆಯ ಕುರ್ಚಿ ಮೆತ್ತಗಿತ್ತು. ಕಾಗದಗಳು ಮಾತ್ರ ಕಬ್ಬಿಣದ ಕಡಲೆ. ಮೊದಮೊದಲು ಬೆರಳಿಟ್ಟು ಓದುತ್ತಿದ್ದ. ಪಕ್ಷದ ಮುಖಂಡ ಬೆನ್ನು ತಟ್ಟಿ, "ನೀವ್ಯಾಕೆ ತಲೆ ಕೆಡಿಸ್ಕೋತೀರಿ? ನಾನು ಕೈ ಎತ್ತಿದಾಗ ನೀವೂ ಎತ್ತಿ, ಸಾಕು" ಎಂದ. ಅದರಲ್ಲಿ ಅಂಗಡಿಯಣ್ಣ ಬೇಗನೆ ಎತ್ತಿದ ಕೈ ಆಗಿಬಿಟ್ಟ. ಒಂದು ಮಧ್ಯಾಹ್ನ, ಊಟದ ಮಂಪರಿನಲ್ಲಿ, ಹತ್ತೊಂಬತ್ತು ಊರುಗಳ ಸಂತೆ ಮೈದಾನಗಳನ್ನು ಗೋದಾಮು ಕಂಪನಿಗೆ ಒಪ್ಪಿಸುವ ಮಸೂದೆಗೂ ಎತ್ತಿದ. ಆ ಪಟ್ಟಿಯಲ್ಲಿ ತನ್ನೂರೂ ಇದೆಯೆಂದು ಗೊತ್ತಾದದ್ದು ಮರುದಿನ, ಪತ್ರಿಕೆ ನೋಡಿದಾಗ.

ಊರಿಗೆ ಓಡಿಬಂದ. ಸಂತೆಯಲ್ಲಿ ಅಕ್ಕ ಅವನ ಕೈ ಹಿಡಿದುಕೊಂಡಳು.

"ಹದಿನಾಲ್ಕು ಜನ ವಿರೋಧ ಮಾಡಿದ್ರಂತೆ. ನೀನೂ ಅವರಲ್ಲೊಬ್ಬ ತಾನೇ? ಕೇಳೋದೇ ಬೇಡ ಅಂತ ನಾನೇ ಎಲ್ಲರಿಗೂ ಹೇಳಿಬಿಟ್ಟೆ!"

ನಿಜ ಹೇಳಲು ಬಾಯಿ ತೆರೆದ. ಹೊರಬಿದ್ದದ್ದು, "ಹೂಂ."

ಜನ ಚಪ್ಪಾಳೆ ತಟ್ಟಿದರು. ಅವನಿಗೆ ನಿಂತ ನೆಲ ಬಾಯ್ಬಿಡಬಾರದೇ ಎನ್ನಿಸಿತು.

ಮನೆಯಲ್ಲಿ ತಟ್ಟೆಯ ಮುಂದೆ ತಲೆ ತಗ್ಗಿಸಿ ಕೂತ. ಹೆಂಡತಿ ಅವನ ಮುಖ ನೋಡಿಯೇ ಅರ್ಥಮಾಡಿಕೊಂಡಳು. "ನನ್ನ ಮುಂದೆ ತಲೆ ತಗ್ಗಿಸಿದ್ರೆ ಏನು ಬಂತು? ಹೋಗಿ ಅವರ ಮುಂದೆ ಹೇಳಿ" ಎಂದಳು.

ಬೆಳಿಗ್ಗೆ ಹೋದ. ಅಕ್ಕ ಸೊಪ್ಪಿಗೆ ನೀರು ಚಿಮುಕಿಸುತ್ತಿದ್ದಳು. ಎದುರಿಗೆ ಕುಕ್ಕರುಗಾಲಲ್ಲಿ ಕೂತು ಎಲ್ಲ ಹೇಳಿದ. ಅವಳ ಕೈ ನಿಂತಿತು.

"ಕಾಗದ ಓದ್ಲಿಲ್ವಾ?"

"ಇಲ್ಲಕ್ಕ."

"ನನಗೆ ಓದೋಕೆ ಬರಲ್ಲ ಅಂತ ತಾನೇ ನಿನ್ನ ಕಳಿಸಿದ್ದು?"

"ಕ್ಷಮಿಸು ಅನ್ನೋ ಮುಖವೂ ನನಗಿಲ್ಲ" ಎಂದ.

"ನಿನ್ನೆ ಚಪ್ಪಾಳೆ ತಟ್ಟಿದವರಿಗೆಲ್ಲ ನೀನೇ ಹೇಳು. ನನ್ನ ಬಾಯಲ್ಲಿ ಹೇಳಿಸ್ಬೇಡ."

ಕುಂಬಾರ, ಚಪ್ಪಲಿ ಹೊಲಿಯುವವನು, ಬಳೆಯವಳು, ಒಬ್ಬೊಬ್ಬರ ಮುಂದೆಯೂ ನಿಂತು ಹೇಳಿದ. ಕುಂಬಾರ ಪಕ್ಕಕ್ಕೆ ತಿರುಗಿ ಉಗಿದ. ಬಳೆಯವಳು ನಕ್ಕುಬಿಟ್ಟಳು. ಕಿವಿ ಮಂದವಾದ ಒಬ್ಬ ಮುದುಕ, "ನಮಗೋಸ್ಕರ ಹೋರಾಡಿದೆಯಪ್ಪ, ನೂರ್ಕಾಲ ಬಾಳು" ಎಂದು ಹರಸಿದ. ಆ ಮುದುಕನ ಕಿವಿಯ ಹತ್ತಿರ ಬಗ್ಗಿ, "ಇಲ್ಲ ತಾತ, ನಾನೇ ಕೈ ಎತ್ತಿದ್ದು" ಎಂದು ಇಡೀ ಸಂತೆಗೆ ಕೇಳುವಂತೆ ಮೂರು ಸಲ ಕೂಗಬೇಕಾಯಿತು.

ಮಸೂದೆ ಹಿಂತೆಗೆಸಲು ತಿಂಗಳುಗಟ್ಟಲೆ ಮುಖಂಡನ ಬಾಗಿಲು ಕಾದ. ಫಲ ಸೊನ್ನೆ. ಮೈದಾನಕ್ಕೆ ಬೇಲಿ ಬಿತ್ತು. ಸಂತೆ ಸೇತುವೆಯಾಚೆಯ ಕಲ್ಲು ಇಳಿಜಾರಿಗೆ ಹೋಯಿತು. ಅವನು ರಾಜೀನಾಮೆ ಕೊಟ್ಟು ಮತ್ತೆ ಅಂಗಡಿಯಲ್ಲಿ ಕೂತ. ಗಿರಾಕಿಗಳು ನಿಧಾನಕ್ಕೆ ಬಂದರು, ಕುಂಬಾರನೂ ಬಂದ. ಅಕ್ಕ ಮಾತ್ರ ಬೇಕಾದ್ದಕ್ಕೆ ಸೊಸೆಯನ್ನು ಕಳಿಸುತ್ತಿದ್ದಳು. ದಾರಿಯಲ್ಲಿ ಎದುರಾದರೆ ಮುಖ ತಿರುಗಿಸುತ್ತಿರಲಿಲ್ಲ. ಬುಟ್ಟಿ ಸರಿಮಾಡಿಕೊಂಡು, ಪರವೂರಿನವರನ್ನು ಮಾತಾಡಿಸುವಂತೆ, "ಚೆನ್ನಾಗಿದೀರಾ?" ಎಂದು ಬಹುವಚನದಲ್ಲಿ ಕೇಳಿ ಮುಂದೆ ನಡೆಯುತ್ತಿದ್ದಳು.