ಹತ್ತೊಂಬತ್ತು ದಿನ ಬಾಕಿ

ರೈಲ್ವೆಯಲ್ಲಿ ಮೂವತ್ತೊಂದು ವರ್ಷ ದುಡಿದವನು ನಾನು. ಒಂದೇ ಒಂದು ಎಫ್‌ಡಿಯನ್ನೂ ಅವಧಿಗೆ ಮೊದಲು ಮುರಿಸಿದವನಲ್ಲ. ತೆಲುಗು ಸೀಮೆಯ ಮಲ್ಕಾಜ್‌ಗಿರಿಯ ನಮ್ಮ ಓಣಿಯಲ್ಲಿ ಇದನ್ನು ಎಷ್ಟು ಜನರ ಮುಂದೆ ಕೊಚ್ಚಿಕೊಂಡಿದ್ದೇನೋ! ಈಗ ನೆನೆದರೆ ನನ್ನ ಕಪಾಳಕ್ಕೆ ನಾನೇ ಹೊಡೆದುಕೊಳ್ಳಬೇಕು ಅನಿಸುತ್ತದೆ.

ಮಗಳು ಮೃಣಾಲಿನಿ ಸಾಫ್ಟ್‌ವೇರ್ ಕಂಪನಿ ಸೇರಿದಾಗ ಒಂದು ಲಕ್ಷ ಜಾಯ್ನಿಂಗ್ ಬೋನಸ್ ಕೊಟ್ಟರು. ಕೆಲಸಕ್ಕೆ ಕೈ ಹಚ್ಚುವ ಮೊದಲೇ ಬೋನಸ್ಸಂತೆ! ಷರತ್ತು ಒಂದೇ: ವರ್ಷದೊಳಗೆ ಬಿಟ್ಟರೆ ಪೂರ್ತಿ ವಾಪಸ್ ಕಟ್ಟಬೇಕು. ಅವಳ ಮದುವೆಗೆ ಇರಲಿ ಎಂದು ಮರುದಿನವೇ ಒಂದು ವರ್ಷದ ಎಫ್‌ಡಿ ಮಾಡಿಸಿದೆ.

ಎಂಟು ತಿಂಗಳಾಗುವಷ್ಟರಲ್ಲಿ ನನ್ನ ಹೆಂಡತಿ ವಿಶಾಲಾಕ್ಷಿ ಹಾಸಿಗೆ ಹಿಡಿದಳು. ಕ್ಯಾನ್ಸರ್. ಐದಾರು ತಿಂಗಳು ಅಂದರು ಡಾಕ್ಟರು. ಮೃಣಾಲಿನಿ ಊರಿನ ಇನ್ನೊಂದು ತುದಿಗೆ, ಆಫೀಸಿನ ಹತ್ತಿರ ಮಣಿಕೊಂಡದ ಹಾಸ್ಟೆಲಿನಲ್ಲಿದ್ದಳು. ಭಾನುವಾರ ಬಂದು ಅವ್ವನ ತಲೆ ಬಾಚಿ, ಹೆರಳು ಹಾಕಿ ಹೋಗುತ್ತಿದ್ದಳು.

"ಅಪ್ಪಾ, ಕೆಲಸ ಬಿಡ್ತೀನಿ. ಅವ್ವನ ಕೂಡ ಇರ್ತೀನಿ. ರೊಕ್ಕ ಬ್ಯಾಂಕಿನಾಗ ಐತೆಲ್ಲ, ಕಟ್ಟಿಬಿಡೂಣು."

"ಹುಚ್ಚಿ ಏನ ನೀ? ನಾಕ ತಿಂಗಳ ಉಳದಾವ. ಬೋನಸ್ಸೂ ಉಳೀತೈತಿ, ಬಡ್ಡೀನೂ ಬರ್ತೈತಿ. ಆಮ್ಯಾಲೆ ಬಾ, ಬೇಕಾದಷ್ಟು ದಿನ ಇರು."

ಲೆಕ್ಕ ಸರಿಯಾಗಿಯೇ ಇತ್ತು ನೋಡಿ, ಐದಾರರಲ್ಲಿ ನಾಲ್ಕು ಕಳೆದಿದ್ದೆ. ಮಗಳ ಕೂಡ ಕಳೆಯಲು ಅವಳವ್ವನ ಪಾಲಿಗೆ ಉಳಿದದ್ದು ಒಂದೋ ಎರಡೋ ತಿಂಗಳು. ಅದೇ ಬೇಕಾದಷ್ಟು ಅನಿಸಿತ್ತು ನನಗೆ.

ವಿಶಾಲಾಕ್ಷಿ ಜಗಳ ಮಾಡಲಿಲ್ಲ. ದಿನಾ ಬೆಳಿಗ್ಗೆ ನಾನು ಕ್ಯಾಲೆಂಡರಿನಲ್ಲಿ ಗೀಟು ಹಾಕುವಾಗ, "ಏನ್ರಿ, ಇನ್ನ ಎಷ್ಟು ದಿನ?" ಎಂದು ಕೇಳುತ್ತಿದ್ದಳು. ನಾನು ಬಾಚಣಿಗೆ ಹಿಡಿದು ಹೋದರೆ ಕೈ ತಳ್ಳುತ್ತಿದ್ದಳು. "ಬಿಡ್ರಿ, ನಿಮಗ ಬರೂದಿಲ್ಲ. ಆಕಿ ಬರ್ಲಿ."

ಒಂದು ಮಂಗಳವಾರ ಹಾಗೆಯೇ ಕೇಳಿದಳು. ಹತ್ತೊಂಬತ್ತು ಎಂದೆ.

"ಭಾಳ ಆದುವು," ಎಂದಳು.

ಅಂದೇ ಮಧ್ಯಾಹ್ನ ಅವಳಿಗೆ ಉಸಿರಾಟ ಕಷ್ಟವಾಯಿತು; ಮಗಳಿಗೆ ಫೋನ್ ಮಾಡಿದೆ. ಮಣಿಕೊಂಡದಿಂದ ಎರಡು ಬಸ್ಸು ಬದಲಿಸಿ ಮಗಳು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅವಳು ಕೂತು ಅವ್ವನ ತಲೆ ಬಾಚಿದಳು. ಸಿಕ್ಕು ಬಿಡಿಸಲು ಬಹಳ ಹೊತ್ತು ಹಿಡಿಯಿತು.

ಮೂರನೇ ದಿನವೇ ರಾಜೀನಾಮೆ ಕಳಿಸಿದಳು. ನಾಚಿಕೆಗೆಟ್ಟ ನನ್ನ ಬಾಯಿ ಆಗಲೂ, "ಇನ್ನ ಹದಿನಾರ ದಿನ..." ಎಂದು ಶುರು ಮಾಡಿತು.

"ಆ ರೊಕ್ಕ ಮುಟ್ಟಾಕ ನನಗ ಆಗೂದಿಲ್ಲ ಅಪ್ಪಾ," ಎಂದಳು. ಬೈದಿದ್ದರೆ ಚೆನ್ನಾಗಿತ್ತು.

ಕಂಪನಿಗೆ ಬೋನಸ್ ವಾಪಸ್ ಕಟ್ಟಬೇಕಲ್ಲ, ಮರುದಿನ ಬ್ಯಾಂಕಿಗೆ ಹೋದೆ. ಕೌಂಟರಿನ ಹುಡುಗಿ ಎಫ್‌ಡಿ ರಸೀದಿ ನೋಡಿ, ಎರಡು ವಾರ ತಡೆಯಿರಿ ಅಂಕಲ್, ಬಡ್ಡಿ ಸುಮ್ಮನೆ ಹೋಗುತ್ತದೆ ಎಂದು ತೆಲುಗಿನಲ್ಲಿ ಬುದ್ಧಿ ಹೇಳಿದಳು. ಬೇಡಮ್ಮ ಎಂದೆ. ಅವಳು ಫಾರಂ ಕೊಟ್ಟಳು. ಅವಧಿಗೆ ಮೊದಲು ಮುರಿಸಲು ಕಾರಣ ಬರೆಯಬೇಕಿತ್ತು.

ಹೆಂಡತಿಗೆ ಹುಷಾರಿಲ್ಲ ಎಂದು ಬರೆದೆ. ಮೂರೂವರೆ ತಿಂಗಳ ಹಿಂದೆ ಬರೆಯಬೇಕಾಗಿದ್ದದ್ದು ಅದು.